ಹಳಿಯಲ್ಲಿ ಶಾರ್ಟ್ ಆದ್ರೆ ಬೂಸ್ಟರ್ ತಾನೇ ಆಫ್ ಆಗುತ್ತೆ ಅಂತ ನಂಬಬೇಡಿ

ಮನೆಯಲ್ಲಿ ಮಾಡೆಲ್ ರೈಲು ಓಡಿಸುವವರು, ಅದರಲ್ಲೂ ಬೇರೆಯವರು ಕಟ್ಟಿದ ಲೇಔಟ್ (ಹಳಿ, ಬೆಟ್ಟ, ಸ್ಟೇಷನ್ ಎಲ್ಲ ಕೂರಿಸಿದ ಹಲಗೆ) ಕೊಂಡು ಅದನ್ನು ಡಿಸಿಸಿಗೆ, ಅಂದರೆ ಹಳಿಯಲ್ಲೇ ಡಿಜಿಟಲ್ ಸಂಕೇತ ಕಳಿಸಿ ಒಂದೊಂದು ಇಂಜಿನ್ನನ್ನೂ ಬೇರೆಬೇರೆಯಾಗಿ ಓಡಿಸುವ ವ್ಯವಸ್ಥೆಗೆ, ಬದಲಾಯಿಸಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಹಳಿಯ ಮೇಲೆ ಶಾರ್ಟ್ ಆಗಿದೆ, ಆದರೂ ಹಳಿಗೆ ಕರೆಂಟ್ ಕೊಡುವ ಬೂಸ್ಟರ್ ಆಫ್ ಆಗಿಲ್ಲ. ಇಂಜಿನ್ ಕರಗಿ ಹೊಗೆ ಬಂದಿದೆ. ಇದು ನಮ್ಮ ಮನೆಯಲ್ಲೇ ಆಯಿತು. ಪಕ್ಕದಲ್ಲಿ ಮಗು ನಿಂತಿತ್ತು. ನಿಮ್ಮ ಮನೆಯಲ್ಲಿ ಹೀಗಾಗಬಾರದು.

ಲೇಔಟ್ ಎಚ್ಓ ಅಳತೆಯದು, ಅಂದರೆ 1:87, ಹಳಿಗಳ ನಡುವೆ 16.5 ಮಿಲಿಮೀಟರ್. ಊರು ಬಿಟ್ಟು ಹೋಗುತ್ತಿದ್ದ ಒಬ್ಬರಿಂದ ಕೊಂಡಿದ್ದೆ. ಬೆಟ್ಟ, ಸೇತುವೆ, ಸ್ಟೇಷನ್ ಎಲ್ಲ ಬಹಳ ಪ್ರೀತಿಯಿಂದ ಮಾಡಿದ್ದರು. ವೈರಿಂಗ್ ಮಾತ್ರ ಮೊದಲಿಂದಲೂ 12 ವೋಲ್ಟಿನ ಸಾದಾ ಡಿಸಿಗೆ ಮಾಡಿದ್ದು. ಒಂದು ಸಲಕ್ಕೆ ಒಂದೇ ರೈಲು, ಸುಮಾರು ಒಂದು ಆಂಪಿಯರ್ ಕೊಡುವ ಪುಟ್ಟ ಪವರ್ ಪ್ಯಾಕ್. ಅಷ್ಟಕ್ಕೆ ಆ ವೈರಿಂಗ್ ಸಾಕಾಗಿತ್ತು. ನನಗೆ ಎರಡು ಮೂರು ಇಂಜಿನ್ ಒಟ್ಟಿಗೆ ಓಡಿಸಬೇಕಿತ್ತು. 5 ಆಂಪಿಯರಿನ ಡಿಸಿಸಿ ಬೂಸ್ಟರ್ ತಂದೆ. ಮಾರಿದ ಅಂಗಡಿಯವರು, "ಹಳೇ ಎರಡು ವೈರ್ ತೆಗೆದು ಇದಕ್ಕೆ ಹಾಕಿ ಸರ್, ಮುಗೀತು" ಅಂದರು. ಈ ಮಾತು ನೀವೂ ಕೇಳಿರುತ್ತೀರಿ. ಡಿಸಿಸಿಗೆ ಎರಡೇ ವೈರ್ ಸಾಕು ಅನ್ನುವುದು ಅರ್ಧ ನಿಜ. ಆ ವೈರ್ ಎಷ್ಟು ದಪ್ಪ ಇರಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ.

ಕೆಲವು ತಿಂಗಳು ಎಲ್ಲ ಚೆನ್ನಾಗಿತ್ತು. ಒಂದು ಭಾನುವಾರ ಅಣ್ಣನ ಮಗ ಬಂದಿದ್ದ. ಎರಡು ರೈಲು ಓಡುತ್ತಿದ್ದವು. ಬೆಟ್ಟದ ಹಿಂದೆ, ಬೂಸ್ಟರಿನಿಂದ ತೀರಾ ದೂರದ ಮೂಲೆಯಲ್ಲಿ ಒಂದು ಪಾಯಿಂಟ್, ಅಂದರೆ ಹಳಿ ಕವಲೊಡೆಯುವ ಜಾಗ, ಇದೆ. ಕೃಷ್ಣರಾಜಪುರಂ ಶೆಡ್ಡಿನ ಇಂಜಿನ್ ಥರ ಬಣ್ಣ ಹಾಕಿಸಿದ್ದ ಆಲ್ಕೋ ಡೀಸೆಲ್ ಇಂಜಿನ್ ಅಲ್ಲಿ ಹಳಿ ತಪ್ಪಿ ನಿಂತು, ಅದರ ಚಕ್ರಗಳು ಎರಡೂ ಹಳಿಯನ್ನು ಸೇರಿಸಿ ಶಾರ್ಟ್ ಆಯಿತು. ನಮಗೆ ಕಾಣಿಸಲಿಲ್ಲ. ಇತ್ತ ಸ್ಟೇಷನ್ ಹತ್ತಿರದ ಪ್ಯಾಸೆಂಜರ್ ರೈಲು ನಿಲ್ಲಲೇ ಇಲ್ಲ. ಲೈಟ್ ಸ್ವಲ್ಪ ಮಂಕಾಯಿತು, ಓಟ ನಿಧಾನವಾಯಿತು, ಅಷ್ಟೇ. ಚಕ್ರಕ್ಕೆ ಕೊಳೆ ಹಿಡಿದಿರಬೇಕು ಅಂತಲೇ ಯಾರಿಗಾದರೂ ಅನಿಸುತ್ತೆ.

"ಚಿಕ್ಕಪ್ಪ, ಏನೋ ಸುಟ್ಟ ವಾಸನೆ ಬರ್ತಿದೆ" ಅಂದ ಹುಡುಗ. ಬೆಟ್ಟದ ಹಿಂದೆ ಬಗ್ಗಿ ನೋಡಲು ಹೊರಟಿದ್ದ. "ಮುಟ್ಟಬೇಡ ಪುಟ್ಟಾ, ಹಿಂದೆ ಬಾ" ಅಂತ ಕೂಗಿ ಗೋಡೆಯ ಸ್ವಿಚ್ಚೇ ಆರಿಸಿದೆ. ತೆಳ್ಳಗೆ ಬಿಳೀ ಹೊಗೆ ಏಳುತ್ತಿತ್ತು. ಇಂಜಿನ್ನಿನ ಹಿಂದಿನ ಚಕ್ರಗಳ ಪ್ಲಾಸ್ಟಿಕ್ ಚೌಕಟ್ಟು ಮೆತ್ತಗಾಗಿ ಹಳಿಯ ಮೇಲೆ ಜೋತು ಬಿದ್ದಿತ್ತು. ಕೆಳಗಿನ ಪ್ಲಾಸ್ಟಿಕ್ ಸ್ಲೀಪರ್ ಐದಾರು ಕರಗಿ, ಹಳಿ ಒಳಕ್ಕೆ ಕೂತು ಗೇಜ್ ಅಗಲವಾಗಿತ್ತು. ಇಂಜಿನ್ ಬಿಚ್ಚಿದಾಗ ಚಕ್ರದಿಂದ ಡಿಕೋಡರಿಗೆ (ಡಿಸಿಸಿ ಸಂಕೇತ ಓದಿ ಇಂಜಿನ್ ನಡೆಸುವ ಪುಟ್ಟ ಸರ್ಕ್ಯೂಟ್) ಹೋಗುವ ಕೂದಲೆಳೆಯಂಥ ವೈರಿನ ಹೊದಿಕೆ ಪೂರ್ತಿ ಕಪ್ಪಾಗಿತ್ತು. ಅಷ್ಟೆಲ್ಲ ಆದರೂ ಬೂಸ್ಟರಿನ ಹಸಿರು ಲೈಟ್ ಕೊನೆಯವರೆಗೂ ಉರಿಯುತ್ತಲೇ ಇತ್ತು. ಅದರ ಲೆಕ್ಕದಲ್ಲಿ ತೊಂದರೆಯೇ ಆಗಿರಲಿಲ್ಲ.

ಯಾಕೆ ಹೀಗಾಯಿತು ಅಂತ ಮಾರನೇ ದಿನ ಕೂತು ಅಳೆದೆ. ಬೂಸ್ಟರ್ ಕಳಚಿ, ಆ ಪಾಯಿಂಟ್ ಹತ್ತಿರ ಎರಡೂ ಹಳಿಗಳನ್ನು ಕ್ಲಿಪ್ ವೈರಿನಿಂದ ಸೇರಿಸಿ, ಈ ತುದಿಯಲ್ಲಿ ಮಲ್ಟಿಮೀಟರ್ ಹಿಡಿದೆ. ಹೆಚ್ಚುಕಡಿಮೆ 4 ಓಮ್ ತೋರಿಸಿತು. ಹಳಿಯಲ್ಲಿ 15 ವೋಲ್ಟ್. ಅಂದಮೇಲೆ ಆ ಮೂಲೆಯಲ್ಲಿ ಎಂಥಾ ಶಾರ್ಟ್ ಆದರೂ ಹರಿಯುವುದು 4 ಆಂಪಿಯರಿಗಿಂತ ಕಡಿಮೆ. ಬೂಸ್ಟರ್ ಆಫ್ ಆಗುವುದು 5 ದಾಟಿದರೆ. ಅದಕ್ಕೆ ಇದು ಶಾರ್ಟ್ ಅಂತ ಗೊತ್ತಾಗುವುದೇ ಇಲ್ಲ, ತುಂಬಾ ಇಂಜಿನ್ ಓಡ್ತಿವೆ ಅಂದುಕೊಂಡು ಕರೆಂಟ್ ಕೊಡುತ್ತಲೇ ಇರುತ್ತೆ. ಲೆಕ್ಕ ಹಾಕಿದರೆ ಸುಮಾರು 56 ವಾಟ್. ನಾವು ಸೋಲ್ಡರ್ ಮಾಡುವ ಐರನ್ 25 ವಾಟಿನದು, ಅದರ ಎರಡರಷ್ಟು ಬಿಸಿ! ಅದೂ ಎಲ್ಲ ಕಡೆ ಸಮನಾಗಿ ಹಂಚಿಕೊಳ್ಳುವುದಿಲ್ಲ. ಎಲ್ಲಿ ತಡೆ ಜಾಸ್ತಿಯೋ ಅಲ್ಲಿ ಬಿಸಿ ಜಾಸ್ತಿ. ಹಳಿಯ ತುಂಡುಗಳನ್ನು ಜೋಡಿಸುವ ಸಡಿಲವಾದ ಜಾಯಿನರ್, ಚಕ್ರ ಹಳಿಗೆ ತಾಗುವ ಜಾಗ, ಇಂಜಿನ್ನಿನೊಳಗಿನ ಸಣ್ಣ ವೈರ್.

ಮನೆಯ ಎಂಸಿಬಿ ಇದೆಯಲ್ಲ ಅಂತ ಕೆಲವರು ಕೇಳಿದರು. 56 ವಾಟ್ ಅಂದರೆ 230 ವೋಲ್ಟಿನ ಕಡೆ ಕಾಲು ಆಂಪಿಯರ್. ಹಳೇ ಸೀಲಿಂಗ್ ಫ್ಯಾನ್ ಇದಕ್ಕಿಂತ ಜಾಸ್ತಿ ಎಳೆಯುತ್ತೆ. ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಆರ್‌ಸಿಸಿಬಿ ನೋಡುವುದು ಭೂಮಿಗೆ ಸೋರುವ ಕರೆಂಟನ್ನು, ಅದಕ್ಕೂ ಈ ಕಡೆಯ ಸುದ್ದಿ ತಲುಪುವುದಿಲ್ಲ. ಲೇಔಟಿನ ಕಾವಲು ಲೇಔಟಿನಲ್ಲೇ ಇರಬೇಕು. ಪ್ಲೈವುಡ್, ಥರ್ಮೋಕೋಲ್ ಬೆಟ್ಟ, ಒಣಗಿದ ಪಾಚಿಯ ಗಿಡಗಳು, ಎಲ್ಲವೂ ಬೆಂಕಿ ಹಿಡಿಯುವ ಸಾಮಾನೇ ಅಲ್ವಾ?

ಲೇಔಟ್ ಮಗುಚಿ ಕೆಳಗೆ ನೋಡಿದಾಗ ವಿಷಯ ತಿಳಿಯಿತು. ಇಡೀ ಲೇಔಟಿಗೆ ಕರೆಂಟ್ ಬರುತ್ತಿದ್ದುದು ಎರಡೇ ಕಡೆಯಿಂದ, ಅದೂ ಟೆಲಿಫೋನ್ ವೈರಿನಲ್ಲಿ. ಉಳಿದ ದೂರ ಪೂರ್ತಿ ಹಳಿಯಿಂದ ಹಳಿಗೆ ಜಾಯಿನರ್ ಮೂಲಕವೇ ಹೋಗಬೇಕಿತ್ತು. ಜಾಯಿನರ್ ಒಳಗೆ ಬಣ್ಣ, ಜಲ್ಲಿ ಅಂಟಿಸಿದ ಗೋಂದು, ವರ್ಷಗಟ್ಟಲೆಯ ಕಿಲುಬು. ಕರೆಂಟ್ ಒಯ್ಯುವ ಕೆಲಸಕ್ಕೆ ಜಾಯಿನರನ್ನು ನಂಬಲೇಬೇಡಿ, ಅದು ಹಳಿಗಳನ್ನು ನೇರವಾಗಿ ಹಿಡಿಯುವುದಕ್ಕೆ ಮಾತ್ರ.

ನಿಮ್ಮ ಲೇಔಟ್ ಹೇಗಿದೆ ಅಂತ ಇವತ್ತೇ ನೋಡಬಹುದು. ಇಂಜಿನ್ ಎಲ್ಲ ಎತ್ತಿಡಿ. ಬೂಸ್ಟರ್ ಆನ್ ಮಾಡಿ. ಒಂದು ನಾಣ್ಯ ತಗೊಂಡು ಎರಡೂ ಹಳಿಗೆ ಗಟ್ಟಿಯಾಗಿ ತಾಗುವ ಹಾಗೆ ಒತ್ತಿ. ತಕ್ಷಣ ಬೂಸ್ಟರ್ ಆಫ್ ಆಗಬೇಕು. ಒಂದು ಕ್ಷಣಕ್ಕಿಂತ ಜಾಸ್ತಿ ಹೊತ್ತು ಹಿಡಿಯಬೇಡಿ, ನಾಣ್ಯ ಕಾಯುತ್ತೆ. ಅಮೆರಿಕದಲ್ಲಿ ಇದಕ್ಕೆ ಕ್ವಾರ್ಟರ್ ನಾಣ್ಯ ಬಳಸುತ್ತಾರೆ. ನಮ್ಮ ಎರಡು ರೂಪಾಯಿ ನಾಣ್ಯವೂ ಆಗುತ್ತೆ, ಅಥವಾ ಹಿಡಿಗೆ ಪ್ಲಾಸ್ಟಿಕ್ ಇರುವ ಸ್ಕ್ರೂಡ್ರೈವರ್. ಒಂದೇ ಜಾಗದಲ್ಲಿ ನೋಡಿ ಬಿಡಬೇಡಿ. ಪ್ರತಿ ತುಂಡು ಹಳಿ, ಪ್ರತಿ ಪಾಯಿಂಟಿನ ಮೂರೂ ಕಡೆ, ಸುರಂಗದ ಒಳಗೆ, ಸೈಡಿಂಗಿನ ಕೊನೆಯವರೆಗೂ ನೋಡಿ. ಎಲ್ಲಿ ಆಫ್ ಆಗುವುದಿಲ್ಲವೋ ಅಲ್ಲಿ ಸರಿಮಾಡುವವರೆಗೆ ರೈಲು ಓಡಿಸಬೇಡಿ.

ಸರಿಮಾಡುವುದು ಕಷ್ಟವಲ್ಲ, ಸ್ವಲ್ಪ ಬೆನ್ನು ನೋವು ಅಷ್ಟೇ. ನಾನು ಲೇಔಟಿನ ಕೆಳಗೆ ಉದ್ದಕ್ಕೂ 2.5 ಚದರ ಮಿಲಿಮೀಟರಿನ ಎರಡು ವೈರ್ ಎಳೆದೆ, ಮನೆಯ ಪವರ್ ಪ್ಲಗ್ಗಿಗೆ ಹಾಕುತ್ತಾರಲ್ಲ, ಅದೇ. ಅದರಿಂದ ಪ್ರತಿ ತುಂಡು ಹಳಿಗೂ ಗೇಣುದ್ದದ ಫೀಡರ್ ವೈರ್ ಸೋಲ್ಡರ್ ಮಾಡಿದೆ. ಈಗ ಅದೇ ಮೂಲೆಯಲ್ಲಿ ನಾಣ್ಯ ಮುಟ್ಟಿಸುವುದೇ ತಡ, ಬೂಸ್ಟರ್ ಆಫ್. ದೊಡ್ಡ ಲೇಔಟ್ ಇರುವವರು ಅದನ್ನು ಭಾಗ ಮಾಡಿ, ಒಂದೊಂದು ಭಾಗಕ್ಕೂ 2 ಅಥವಾ 3 ಆಂಪಿಯರಿಗೆ ಆಫ್ ಆಗುವ ಎಲೆಕ್ಟ್ರಾನಿಕ್ ಬ್ರೇಕರ್ ಹಾಕಿ. ದುಡ್ಡು ಉಳಿಸಬೇಕಾದರೆ ಕಾರಿನ ಇಂಡಿಕೇಟರಿನ 12 ವೋಲ್ಟ್, 21 ವಾಟ್ ಬಲ್ಬನ್ನು ಆ ಭಾಗದ ಒಂದು ವೈರಿಗೆ ಸೀರೀಸಿನಲ್ಲಿ ಸೇರಿಸಿ. ಶಾರ್ಟ್ ಆದರೆ ಬಲ್ಬ್ ಉರಿಯುತ್ತೆ, ಕರೆಂಟ್ 2 ಆಂಪಿಯರ್ ಆಸುಪಾಸಿನಲ್ಲೇ ನಿಲ್ಲುತ್ತೆ. ಎಲ್‌ಇಡಿ ಬಲ್ಬ್ ಇದಕ್ಕೆ ಬರುವುದಿಲ್ಲ, ಹಳೇ ತಂತಿಯ ಬಲ್ಬೇ ಬೇಕು. ತುಂಬಾ ಕಾಯುತ್ತೆ, ಮರಕ್ಕೆ ತಾಗದ ಹಾಗೆ ಕೂರಿಸಿ. ಶಾರ್ಟ್ ಆದ ಜಾಗದಲ್ಲಿ ಆ 2 ಆಂಪಿಯರ್ ಹರಿಯುತ್ತಲೇ ಇರುತ್ತೆ, ಬಲ್ಬ್ ಉರಿದ ಕೂಡಲೇ ಹೋಗಿ ಇಂಜಿನ್ ಎತ್ತಿ.

ಇನ್ನೆರಡು ಮಾತು. ಹಳೇ ಡಿಸಿ ಪ್ಯಾಕ್ ಮತ್ತು ಡಿಸಿಸಿ ಎರಡನ್ನೂ ಇಟ್ಟುಕೊಂಡು ಹಳಿಯ ಒಂದೊಂದು ಬ್ಲಾಕಿಗೆ (ಭಾಗಕ್ಕೆ) ಒಂದೊಂದು ಕೊಡಬೇಡಿ. ಇಂಜಿನ್ ಎರಡು ಬ್ಲಾಕಿನ ನಡುವಿನ ಗ್ಯಾಪ್ ದಾಟುವಾಗ ಅದರ ಚಕ್ರಗಳೇ ಎರಡನ್ನೂ ಸೇರಿಸಿಬಿಡುತ್ತವೆ, ಪ್ಯಾಕೋ ಬೂಸ್ಟರೋ ಡಿಕೋಡರೋ ಹೋಗುತ್ತೆ. ಅಮೆರಿಕದಿಂದ ಮಕ್ಕಳಿಗೆ ಅಂತ ನೆಂಟರು ರೈಲು ಸೆಟ್ ತಂದರೆ ಅಡಾಪ್ಟರ್ ಹಿಂದೆ ಬರೆದಿರುವುದನ್ನು ಮೊದಲು ಓದಿ. 120 ವೋಲ್ಟ್ ಅಂತ ಮಾತ್ರ ಇದ್ದರೆ ನಮ್ಮ 230 ವೋಲ್ಟಿನ ಪ್ಲಗ್ಗಿಗೆ ಅದನ್ನು ಸಿಕ್ಕಿಸಲೇಬಾರದು.

ಹಳೇ ಲೇಔಟ್ ಕೊಳ್ಳಲು ಹೋಗುವವರು ಮೇಲಿನ ಬೆಟ್ಟ, ಸ್ಟೇಷನ್ ನೋಡುವ ಮೊದಲು ಅದನ್ನು ಮಗುಚಿಸಿ ಕೆಳಗೆ ನೋಡಿ. ಮಾರುವವರು ಬೇಡ ಅಂದರೆ ಬೆಲೆಯ ಮಾತೇ ಆಡಬೇಡಿ. ಈಗಾಗಲೇ ತಂದು ಓಡಿಸುತ್ತಿದ್ದರೆ, ನಾಣ್ಯ ಹಿಡಿದು ನೋಡುವವರೆಗೆ ಸ್ವಿಚ್ ಹಾಕಿಟ್ಟು ರೂಮಿನಿಂದ ಆಚೆ ಹೋಗಬೇಡಿ.