‘ಪಾನೆ, ಅಮೋರೆ ಎ ಫಾಂತಾಸಿಯಾ’: ನಾಯಕಿಗಿಂತ ಸೂಲಗಿತ್ತಿ ಮುಖ್ಯಳಾಗುವ ಚಿತ್ರ

1953ರ ಡಿಸೆಂಬರಿನಲ್ಲಿ ತೆರೆಕಂಡ, ಲುಯಿಜಿ ಕೊಮೆಂಚಿನಿ ನಿರ್ದೇಶನದ ಈ ಕಪ್ಪು-ಬಿಳುಪು ಇಟಾಲಿಯನ್ ಚಿತ್ರದ ಹೆಸರಿನ ಅರ್ಥ ‘ರೊಟ್ಟಿ, ಒಲವು ಮತ್ತು ಕಲ್ಪನೆ’. ಇದನ್ನು ಬಹಳ ಮಂದಿ ನೆನೆಯುವುದು ನಾಯಕಿಯಾಗಿ ನಟಿಸಿದ ಜೀನಾ ಲೊಲ್ಲೊಬ್ರಿಜಿದಾ ಅವರಿಗಾಗಿ. ಆದರೆ ಆ ಕಾಲದ ಯುರೋಪಿನ ಪ್ರಣಯಹಾಸ್ಯ ಚಿತ್ರಗಳು ಹೆಂಗಸರು, ಬಡವರು, ಬಿಳಿಯರಲ್ಲದವರು ಇವರಲ್ಲಿ ಯಾರಿಗೆ ಎಷ್ಟು ಜಾಗ ಕೊಟ್ಟವು ಎಂದು ಕೇಳಿಕೊಂಡು ನೋಡಿದರೆ ಮನಸ್ಸು ನಿಲ್ಲುವುದು ನಾಯಕಿಯಲ್ಲಿ ಅಲ್ಲ, ಊರಿನ ಸೂಲಗಿತ್ತಿ ಅನ್ನರೆಲ್ಲಾಳಲ್ಲಿ.

ನಡುವಯಸ್ಸಿನ ಪೊಲೀಸ್ ಅಧಿಕಾರಿ ಕರೊತೆನುತೊ ಒಂದು ಬೆಟ್ಟದೂರಿಗೆ ವರ್ಗವಾಗಿ ಬರುತ್ತಾನೆ. ‘ಬೆರ್ಸಾಲ್ಯೇರಾ’ ಎಂಬ ಅಡ್ಡಹೆಸರಿನ, ಕತ್ತೆ ಹೊಡೆದುಕೊಂಡು ಓಡಾಡುವ ಬಡ ಹುಡುಗಿಯ ಮೇಲೆ ಅವನಿಗೆ ಕಣ್ಣು. ಅವಳಿಗೋ ಅವನ ಕೈಕೆಳಗಿನ ನಾಚಿಕೆಯ ಪೇದೆಯ ಮೇಲೆ ಮನಸ್ಸು. ಲಾಕಪ್ಪಿನ ಬೀಗದ ಕೈ ಯಾರ ಬಳಿ ಇದೆಯೋ ಅವನೇ ಒಲಿಸಿಕೊಳ್ಳಲು ಹೊರಟಿರುವುದನ್ನು ಚಿತ್ರ ನಗೆಯಲ್ಲಿ ತೇಲಿಸಿಬಿಡುತ್ತದೆ. ಇಂದಿನ ಪ್ರೇಕ್ಷಕರಿಗೆ ಆ ನಗು ಅಷ್ಟು ಸಲೀಸಾಗಿ ಬಾರದು. ಕ್ಯಾಮೆರಾ ಕೂಡ ಹುಡುಗಿಯ ಹರಕು ಬಟ್ಟೆಯನ್ನು ಅವಳ ಬಡತನದ ಗುರುತಾಗಿ ನೋಡುವುದಕ್ಕಿಂತ ಹೆಚ್ಚಾಗಿ ಮೈಮಾಟದ ಚೌಕಟ್ಟಾಗಿ ನೋಡುತ್ತದೆ.

ಬಡವರ ಚಿತ್ರಣದ ಕುರಿತು ಇಟಲಿಯಲ್ಲಿಯೇ ತಕರಾರುಗಳಿದ್ದವು. ಯುದ್ಧಾನಂತರ ಬಡವರ ಬದುಕನ್ನು ಇದ್ದಂತೆಯೇ ತೋರಿಸಿದ ಇಟಲಿಯ ‘ನವವಾಸ್ತವವಾದ’ಕ್ಕೆ ಸಿಹಿ ಬಣ್ಣ ಬಳಿದ ಇಂಥ ಚಿತ್ರಗಳಿಗೆ ‘ಗುಲಾಬಿ ನವವಾಸ್ತವವಾದ’ ಎಂಬ ಕೊಂಕಿನ ಹೆಸರೇ ಬಿತ್ತು. ಬರಿಯ ರೊಟ್ಟಿ ತಿನ್ನುತ್ತಿರುವ ಮುದುಕನನ್ನು ಒಳಗೇನಿದೆ ಎಂದು ಅಧಿಕಾರಿ ಕೇಳಿದರೆ, ‘ಫಾಂತಾಸಿಯಾ’, ಅಂದರೆ ಕಲ್ಪನೆ, ಎಂಬ ಉತ್ತರ ಬರುತ್ತದೆ. ಮಾತು ಚೆನ್ನಾಗಿದೆ, ಆದರೆ ಹಸಿವು ಅಲ್ಲಿಗೇ ಚಟಾಕಿಯಾಗಿ ಮುಗಿಯುತ್ತದೆ. ಕೇಳುವ ಅಧಿಕಾರಿಯಾಗಿ ನಟಿಸಿರುವವರು, ಐದು ವರ್ಷ ಮುಂಚೆ ಬಡತನವನ್ನು ನೇರವಾಗಿ ತೋರಿಸಿದ ನವವಾಸ್ತವವಾದದ ಚಿತ್ರ ‘ಬೈಸಿಕಲ್ ಥೀವ್ಸ್’ ನಿರ್ದೇಶಿಸಿದ್ದ ವಿತ್ತೋರಿಯೊ ದೆ ಸೀಕಾ ಎಂಬುದು ಸಣ್ಣ ವ್ಯಂಗ್ಯವಲ್ಲ.

ಮಾರಿಸಾ ಮೆರ್ಲಿನಿ ನಿರ್ವಹಿಸಿರುವ ಅನ್ನರೆಲ್ಲಾಳ ಬಗೆಯೇ ಬೇರೆ. ಅವಳಿಗೆ ಸ್ವಂತ ಕಸುಬಿದೆ, ಊರಿನಲ್ಲಿ ಗೌರವವಿದೆ, ರೋಮ್‌ನಲ್ಲಿ ಮದುವೆಯಿಲ್ಲದೆ ಹೆತ್ತ ಒಬ್ಬ ಮಗನೂ ಇದ್ದಾನೆ. ಅಧಿಕಾರಿ ತನ್ನತ್ತ ತಿರುಗಿದಾಗ ಅವಳು ಆ ಸಂಗತಿಯನ್ನು ಮುಚ್ಚಿಡುವುದಿಲ್ಲ. ಅಳುತ್ತಾ ಕ್ಷಮೆ ಬೇಡುವುದೂ ಇಲ್ಲ. ಇಲಾಖೆಯ ನಿಯಮದಂತೆ ಅಂಥ ಹೆಣ್ಣನ್ನು ಅವನು ನೌಕರಿಯಲ್ಲಿದ್ದುಕೊಂಡು ಮದುವೆಯಾಗುವಂತಿಲ್ಲ, ಆದರೂ ಅವನು ಹಿಂದೆ ಸರಿಯುವುದಿಲ್ಲ. ವಿಚ್ಛೇದನದ ಕಾನೂನು ಬರಲು 1970ರವರೆಗೆ ಕಾಯಬೇಕಾಗಿದ್ದ ದೇಶದಲ್ಲಿ, ಜನಪ್ರಿಯ ಹಾಸ್ಯಚಿತ್ರವೊಂದು ಅವಿವಾಹಿತ ತಾಯಿಯನ್ನು ಪಾಪಿಯಾಗಿಯೂ ಬಲಿಪಶುವಾಗಿಯೂ ತೋರಿಸದೆ, ಒಲವಿಗೆ ತಕ್ಕ ಪ್ರೌಢ ಹೆಣ್ಣಾಗಿ ತೋರಿಸಿದ್ದು ದೊಡ್ಡ ಸಂಗತಿ. ಮೆರ್ಲಿನಿ ಅವರ ಸಂಯಮದ ಅಭಿನಯಕ್ಕೆ ಸಿಗಬೇಕಾದ ಮೆಚ್ಚುಗೆ ಇನ್ನೂ ಸಿಕ್ಕಿಲ್ಲ ಎಂದೇ ನನಗನ್ನಿಸುತ್ತದೆ.

ಇನ್ನು ಬಿಳಿಯರಲ್ಲದವರ ವಿಷಯಕ್ಕೆ ಬಂದರೆ, ಚಿತ್ರ ಪೂರ್ತಿ ಮೌನ. ಸೊಮಾಲಿಯಾ ಆಗಲೂ ವಿಶ್ವಸಂಸ್ಥೆಯ ಪರವಾಗಿ ಇಟಲಿಯ ಆಡಳಿತದಲ್ಲಿಯೇ ಇತ್ತು, ಆದರೆ ಈ ಊರಿನ ಮಾತುಕತೆಯಲ್ಲಿ ಅದರ ಸುಳಿವಿಲ್ಲ. ಬೇರೆ ಬೇರೆ ಸೀಮೆಗಳ ಮಾತಿನ ಧಾಟಿ ಮಾತ್ರ ಧಾರಾಳವಾಗಿದೆ. ಇಂಗ್ಲಿಷ್ ಸಬ್‌ಟೈಟಲ್ ನಂಬಿಕೊಂಡವರಿಗೆ ಅದೂ ದಕ್ಕುವುದಿಲ್ಲ.

1954ರ ಬರ್ಲಿನ್ ಚಿತ್ರೋತ್ಸವದಲ್ಲಿ ಬೆಳ್ಳಿ ಕರಡಿ ಪ್ರಶಸ್ತಿ ಪಡೆದ ಈ ಚಿತ್ರವನ್ನು ಖಂಡಿತ ನೋಡಬಹುದು. ನೋಡಿದವರು ಅದೇ ವರ್ಷದ ಮುಂದುವರಿದ ಭಾಗವಾದ ‘ಪಾನೆ, ಅಮೋರೆ ಎ ಜೆಲೊಸಿಯಾ’ (ರೊಟ್ಟಿ, ಒಲವು ಮತ್ತು ಹೊಟ್ಟೆಕಿಚ್ಚು) ಚಿತ್ರವನ್ನೂ ಬಿಡಬಾರದು. ಮಗುವಿನ ತಂದೆಯನ್ನು ಅಲ್ಲಿ ಮರಳಿ ಕರೆತಂದು, ಅನ್ನರೆಲ್ಲಾಳನ್ನು ಅವನೊಂದಿಗೆ ಕಳುಹಿಸಿ, ಮೊದಲ ಚಿತ್ರ ತೋರಿದ ಧೈರ್ಯವನ್ನು ಕತೆಗಾರರೇ ಹಿಂತೆಗೆದುಕೊಂಡಿದ್ದಾರೆ.