ವಿಜ್ಞಾನ ಪರೀಕ್ಷೆಗೆ ತಯಾರಿ: ಹಳೆ ಪ್ರಶ್ನೆಪತ್ರಿಕೆಯೋ, ಕಾರ್ಡೋ, ಪ್ರಯೋಗವೋ?

ಐದನೇ ತರಗತಿಯ ಮಕ್ಕಳನ್ನು ಬಹುಆಯ್ಕೆ ಪ್ರಶ್ನೆಗಳ ವಿಜ್ಞಾನ ಪರೀಕ್ಷೆಗೆ ತಯಾರು ಮಾಡಲು ಈ ಮೂರನ್ನೂ ನಾನು ಮಾಡಿ ನೋಡಿದ್ದೇನೆ.

ಮೊದಲ ವರ್ಷ ಹಳೆ ಪ್ರಶ್ನೆಪತ್ರಿಕೆಗಳನ್ನೇ ನಂಬಿದ್ದೆ. ದಿನಕ್ಕೊಂದು ಬಿಡಿಸಿದರು, ಅಂಕ ಏರಿತು. ಆಮೇಲೆ ಅದೇ ಪ್ರಶ್ನೆಯನ್ನು ಬೇರೆ ಚಿತ್ರ ಹಾಕಿ ಕೊಟ್ಟೆ. ತುಂಬಾ ಮಕ್ಕಳು ತಪ್ಪಿದರು. ಚಂದ್ರನ ಆಕಾರ ಯಾಕೆ ಬದಲಾಗುತ್ತದೆ ಅಂತ ಕೇಳಿದರೆ ‘ಭೂಮಿಯ ನೆರಳು’ ಅಂದರು. ಅದು ಗ್ರಹಣಕ್ಕೆ ಉತ್ತರ, ಅಲ್ವಾ?

ಒಂದು ಬದಿ ಪದ, ಇನ್ನೊಂದು ಬದಿ ಅರ್ಥ ಬರೆದ ಕಾರ್ಡ್‌ಗಳು ಪದ ಕಲಿಸಲು ಚೆನ್ನ. ದಿನಕ್ಕೆ ಹತ್ತು ನಿಮಿಷ ಸಾಕು. ಆದರೆ ‘ಸಾಂದ್ರೀಕರಣ’ದ ಅರ್ಥ ಪಟಪಟನೆ ಹೇಳಿದ ಹುಡುಗಿಯೇ, ತಣ್ಣೀರಿನ ಲೋಟದ ಹೊರಗಿನ ಹನಿ ಒಳಗಿಂದ ಸೋರಿದ್ದು ಅಂದಳು. ಗಾಳಿಯಲ್ಲಿದ್ದ ನೀರಾವಿಯೇ ಹನಿಯಾಯಿತು ಅನ್ನುವುದು ಅವಳಿಗೆ ಹೊಳೆಯಲೇ ಇಲ್ಲ.

ನನ್ನ ಮನಸ್ಸು ಗೆದ್ದದ್ದು ಪ್ರಯೋಗ. ಕೋಣೆ ಕತ್ತಲು ಮಾಡಿ ನಡುವೆ ಒಂದೇ ಬಲ್ಬ್ ಉರಿಸಿದೆ. ಪ್ರತಿ ಮಗುವಿನ ಕೈಯಲ್ಲೂ ಪೆನ್ಸಿಲ್‌ಗೆ ಚುಚ್ಚಿದ ಬಿಳಿ ಚೆಂಡು. ಬಲ್ಬ್ ಸೂರ್ಯ, ಚೆಂಡು ಚಂದ್ರ, ಮಗುವಿನ ತಲೆಯೇ ಭೂಮಿ. ಕೈ ಚಾಚಿ ನಿಂತಲ್ಲೇ ಸುತ್ತಿದರೆ ಸಾಕು, ಬಿದಿಗೆಯಿಂದ ಹುಣ್ಣಿಮೆವರೆಗೆ ಎಲ್ಲವೂ ಕಾಣುತ್ತದೆ. ಚೆಂಡಿನ ಅರ್ಧಕ್ಕೆ ಸದಾ ಬೆಳಕು ಬೀಳುತ್ತಲೇ ಇರುತ್ತದೆ, ನಮಗೆ ಕಾಣುವ ಭಾಗವಷ್ಟೇ ಬದಲಾಗುತ್ತದೆ. ಚೆಂಡನ್ನು ತಲೆಗಿಂತ ಸ್ವಲ್ಪ ಮೇಲೆ ಹಿಡಿಯಬೇಕು. ಒಬ್ಬ ಹುಡುಗ ಕೆಳಗೆ ಹಿಡಿದಿದ್ದ, ಅವನ ತಲೆಯ ನೆರಳೇ ಚೆಂಡಿನ ಮೇಲೆ ಬಿತ್ತು. ‘ಇದು ಗ್ರಹಣ!’ ಎಂದು ಕೂಗಿದ. ನಾನು ಹೇಳಿಕೊಡಬೇಕಾಗಿಯೇ ಬರಲಿಲ್ಲ.

ದಾರಕ್ಕೆ ಭಾರ ಕಟ್ಟಿ ತೂಗಾಡಿಸುವ ಲೋಲಕವೂ ಹಾಗೆಯೇ. ಭಾರ ಜಾಸ್ತಿ ಇದ್ದರೆ ಬೇಗ ತೂಗುತ್ತದೆ ಅಂತ ಎಲ್ಲರೂ ಪಂತ ಕಟ್ಟಿದರು. ಹತ್ತು ತೂಗಾಟಕ್ಕೆ ಹಿಡಿದ ಸಮಯ ಅಳೆದರು. ಭಾರ ಬದಲಿಸಿದರೆ ವ್ಯತ್ಯಾಸ ಕಾಣಲಿಲ್ಲ, ದಾರ ಉದ್ದ ಮಾಡಿದಾಗ ಕಂಡಿತು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಅನ್ನುವ ಪಾಠ ಹೀಗೆ ಕೈಗೇ ಹತ್ತಿತು. ಪರೀಕ್ಷೆಯಲ್ಲಿ ‘ಯಾವ ಪ್ರಯೋಗ ಸರಿ?’ ಎಂಬ ಪ್ರಶ್ನೆ ಬಂದರೆ ಬೇಕಾಗುವುದು ಇದೇ.

ಪ್ರಯೋಗಕ್ಕೆ ಸಮಯ ಜಾಸ್ತಿ ಬೇಕು, ನಿಜ. ಚೆನ್ನಾಗಿ ಪ್ರಯೋಗ ಮಾಡಿದ ಮಗು ‘ಯಾವುದು ಅಲ್ಲ?’ ಎಂಬ ಪ್ರಶ್ನೆಯಲ್ಲಿ ‘ಅಲ್ಲ’ ನೋಡದೆ ಎಡವಿದ್ದೂ ಇದೆ. ಹಾಗಾಗಿ ಪ್ರಶ್ನೆಪತ್ರಿಕೆ ಬಿಟ್ಟಿಲ್ಲ, ವಾರಕ್ಕೊಮ್ಮೆ ಆರು ಪ್ರಶ್ನೆ ಮಾತ್ರ. ಸರಿ ಉತ್ತರ ಗುರುತಿಸಿದ ಮೇಲೆ ಉಳಿದ ಮೂರು ಯಾಕೆ ತಪ್ಪು ಅಂತ ಮಕ್ಕಳೇ ಹೇಳಬೇಕು. ಪರೀಕ್ಷೆಗೆ ಎರಡೇ ವಾರ ಉಳಿದಿದ್ದರೂ ನಾನು ಕಾರ್ಡ್ ಬಿಟ್ಟೇನು, ಚೆಂಡು ಮತ್ತು ಬಲ್ಬ್ ಬಿಡಲಾರೆ.