ಸ್ಪಿಂಡಲ್ ಬೇರಿಂಗ್ ಹೋಗಿದ್ಯಾ ಇಲ್ವಾ: ಕಿವಿ, ಪೆನ್, ಎಫ್‌ಎಫ್‌ಟಿ, ಡಯಲ್ ನಾಲ್ಕೂ ಹಾಕಿ ನೋಡಿದ್ದು

ಹೊಸೂರು ಸಿಪ್ಕಾಟ್ ಕಡೆ ಜಾಬ್ ವರ್ಕ್ ಶಾಪ್ ಇಟ್ಕೊಂಡಿರೋರಿಗೆ ಇದು ಗೊತ್ತೇ ಇರತ್ತೆ, ವಿಎಂಸಿ (ಕಂಪ್ಯೂಟರ್ ನಡೆಸೋ ಮಿಲ್ಲಿಂಗ್ ಮಷೀನ್) ಸ್ವಲ್ಪ ಸೌಂಡ್ ಮಾಡಿದ್ರೆ ಸಾಕು, ನೋಡೋಕೆ ಬಂದೋರೆಲ್ಲ "ಬೇರಿಂಗ್ ಹೋಗೈತೆ ಸಾರ್, ಸ್ಪಿಂಡಲ್ ಇಳ್ಸಿ ಪೀಣ್ಯಕ್ಕೆ ಕಳ್ಸಿಬಿಡಿ" ಅಂತಾರೆ. ಸ್ಪಿಂಡಲ್ ಅಂದ್ರೆ ಟೂಲ್ ಹಿಡಿದು ತಿರುಗಿಸೋ ಶಾಫ್ಟು, ಇಳಿಸೋದೇನು ಇಳಿಸಬಹುದು, ಮಷೀನ್ ನಿಂತಿರೋ ದಿನಕ್ಕೂ ಇಎಂಐ ಕಟ್ಲೇಬೇಕಲ್ಲ. ಅದಕ್ಕೇ ಇಳಿಸೋಕೆ ಮುಂಚೆ ಖಾತ್ರಿ ಮಾಡ್ಕೊಳ್ಳೋ ದಾರಿ ಯಾವುದು ಅಂತ ಒಂದೇ ಮಷೀನ್ ಮೇಲೆ ನಾಲ್ಕೂ ಹಾಕಿ ನೋಡಿದೆ. ಮಾಮೂಲಿ ಬಿಟಿ40 (ಟೂಲ್ ಹೋಲ್ಡರ್ ಕೂರೋ ಟೇಪರ್ ಸೈಜು), ಬೆಲ್ಟ್ ಡ್ರೈವ್, 8000 ಆರ್‌ಪಿಎಂ, ಮುಂದ್ಗಡೆ 7014 ಸೈಜಿನ ಆಂಗುಲರ್ ಕಾಂಟ್ಯಾಕ್ಟ್ ಬಾಲ್ ಬೇರಿಂಗ್ ಸೆಟ್, 70 ಎಂಎಂ ಬೋರು, 110 ಹೊರ ವ್ಯಾಸ, ಗ್ರೀಸ್ ತುಂಬಿದ್ದು.

ಮೊದಲು ಕಿವಿ. ನಮ್ಮ ಫಿಟ್ಟರ್ ಅಣ್ಣ ಡೆಂಕಣಿಕೋಟೆ ಕಡೆಯವರು, ಉದ್ದ ಸ್ಕ್ರೂಡ್ರೈವರ್ ತುದೀನ ಹೌಸಿಂಗಿಗೆ ಇಟ್ಟು ಹಿಡಿ ಕಿವಿಗೆ ಒತ್ಕೊಂಡು "ಒಳಗೆ ಏನೋ ಕಚ್ತಾ ಐತೆ" ಅಂದ್ರೆ ಸುಮ್ನೆ ಅಂದಿರಲ್ಲ. ಮೆಕ್ಯಾನಿಕ್ ಸ್ಟೆತಾಸ್ಕೋಪ್ ಇದ್ರೆ ಇನ್ನೂ ಚೆನ್ನಾಗಿ ಕೇಳತ್ತೆ. ಇದರ ಜೊತೆಗೆ ಬೆಲ್ಟ್ ಬಿಚ್ಚಿ ಸ್ಪಿಂಡಲ್ನ ಕೈಯಲ್ಲಿ ನಿಧಾನ ತಿರುಗಿಸಿ ನೋಡಿ, ರೇಸಲ್ಲಿ (ಬಾಲ್ ಓಡೋ ಬಳೆ) ಗುಂಡಿ ಬಿದ್ದಿದ್ರೆ ಬೆರಳಿಗೇ ತಟ್ ತಟ್ ಅಂತ ಸಿಗತ್ತೆ. ಆಮೇಲೆ ಮೋಟಾರ್ ಒಂದನ್ನೇ ಓಡಿಸಿ, ಸೌಂಡ್ ಹಾಗೇ ಇದ್ರೆ ಸ್ಪಿಂಡಲ್ ಮುಟ್ಟೋದೇ ಬೇಡ (ಕೆಲವು ಮಷೀನಲ್ಲಿ ಬೆಲ್ಟ್ ತೆಗೆದ್ರೆ ಅಲಾರಂ ಬರತ್ತೆ, ಅದು ಬೇರೆ). ಕಿವಿಯ ತೊಂದರೆ ಒಂದೇ, ಅದಕ್ಕೆ ಕೇಳಿಸೋ ಹೊತ್ತಿಗೆ ಬೇರಿಂಗ್ ಅರ್ಧ ಮುಗಿದಿರತ್ತೆ, ಮತ್ತೆ ಹೋದ ತಿಂಗಳ ಸೌಂಡನ್ನ ಈ ತಿಂಗಳದ್ದರ ಪಕ್ಕ ಇಟ್ಟು ನೋಡೋಕೆ ಆಗಲ್ಲ.

ವೈಬ್ರೇಷನ್ ಪೆನ್ ನನಗೆ ಹಿಡಿಸಲಿಲ್ಲ. ಇಂಥ ಪೆನ್ ಸಾಮಾನ್ಯವಾಗಿ 10 ರಿಂದ 1000 ಹರ್ಟ್ಸ್ ಒಳಗಿನ ವೆಲಾಸಿಟೀನ ಎಂಎಂ ಪರ್ ಸೆಕೆಂಡಲ್ಲಿ ತೋರಿಸತ್ತೆ, ಬ್ಯಾಲೆನ್ಸ್ ತಪ್ಪಿದ ಹೋಲ್ಡರ್, ಅಲ್ಲಾಡೋ ಪುಲ್ಲಿ, ಲೂಸ್ ಬೋಲ್ಟ್ ಇಂಥದ್ದೆಲ್ಲ ಸರಿಯಾಗಿ ಹಿಡಿಯತ್ತೆ. ಆದ್ರೆ ಬೇರಿಂಗ್ ರೇಸಲ್ಲಿ ಆಗ ತಾನೆ ಎದ್ದಿರೋ ಸಣ್ಣ ಪಿಟ್ ಮೇಲೆ ಬಾಲ್ ಹೊಡೆದಾಗ ಬರೋ ಪೆಟ್ಟು ಕಿಲೋಹರ್ಟ್ಸ್‌ಗಳಲ್ಲಿ ಕಂಪಿಸತ್ತೆ, ಅದು ಪೆನ್ನಿನ ಲೆಕ್ಕಕ್ಕೇ ಬರಲ್ಲ, ಹಾಗಾಗಿ ಫಿಟ್ಟರ್ ಅಣ್ಣ ಕೆಟ್ಟಿದೆ ಅಂತಿದ್ದಾಗ್ಲೂ ಅದು ಹಸಿರೇ ತೋರಿಸ್ತಿತ್ತು. ಅದರ ಮೇಲಿರೋ ಹಸಿರು ಹಳದಿ ಕೆಂಪು ಪಟ್ಟಿ ಮೋಟಾರು ಪಂಪುಗಳಿಗೆ ಮಾಡಿದ್ದು, ಮಷೀನ್ ಟೂಲ್ ಸ್ಪಿಂಡಲ್‌ಗೆ ಐಎಸ್ಒ 17243 ಅಂತ ಬೇರೆಯೇ ಇದೆ. ಫೋನ್ ಆ್ಯಪ್ ಬಗ್ಗೆ ಕೇಳೋರಿಗೆ, ಫೋನ್ ಸೆನ್ಸರ್ ಸೆಕೆಂಡಿಗೆ ನೂರಾರು ಸ್ಯಾಂಪಲ್ ಮಾತ್ರ ತಗೊಳ್ಳತ್ತೆ, ನಮಗೆ ಬೇಕಿರೋದು ಅದರಾಚೆ.

ಎಫ್‌ಎಫ್‌ಟಿನೇ ಗೆದ್ದಿದ್ದು (ಅದು ಕಂಪನವನ್ನ ಫ್ರೀಕ್ವೆನ್ಸಿವಾರು ಬಿಡಿಸಿ ತೋರಿಸತ್ತೆ). ಕೆಲವು ಕಿಲೋಹರ್ಟ್ಸ್ ತನಕ ಸರಿಯಾಗಿ ಓದೋ ಆಕ್ಸಿಲರೋಮೀಟರ್ (ಕಂಪನ ಅಳೆಯೋ ಸೆನ್ಸರ್), ಮುಂದಿನ ಬೇರಿಂಗ್ ಹತ್ರ ಹೌಸಿಂಗ್ ಮೇಲೆ ಪೇಂಟ್ ಕೆರೆದು ಗಟ್ಟಿಯಾಗಿ ಕೂರಿಸ್ಬೇಕು, ಕೈಯಲ್ಲಿ ಹಿಡಿದ್ರೆ ಮೇಲಿನ ಫ್ರೀಕ್ವೆನ್ಸಿ ಎಲ್ಲ ಸತ್ತೋಗತ್ತೆ. ಟೂಲ್ ಇಲ್ದೆ 3000 ಆರ್‌ಪಿಎಂ, ಅಂದ್ರೆ 50 ಹರ್ಟ್ಸ್. ಬಾಲ್ 20 ಇದ್ರೆ ಹೊರ ರೇಸಲ್ಲಿ ಗುಂಡಿ ಇದ್ರೆ ಸೆಕೆಂಡಿಗೆ ಬೀಳೋ ಪೆಟ್ಟಿನ ಲೆಕ್ಕ ಹತ್ತಿರ ಹತ್ತಿರ 435, ಒಳ ರೇಸಿಂದು 565, ಎರಡೂ ಕೂಡಿದ್ರೆ 20 ಇಂಟು 50 ಸರಿಯಾಗಿ ಸಾವಿರ. ಎಲ್ಲರೂ ಹೇಳೋ 0.4, 0.6 ಸೂತ್ರ (ಆ ಸಾವಿರದಲ್ಲಿ ಹೊರ ರೇಸಿಗೆ 0.4 ಪಾಲು, ಒಳ ರೇಸಿಗೆ 0.6) ಸಾಮಾನ್ಯ ಬೇರಿಂಗಿಗೆ, ಸ್ಪಿಂಡಲ್ ಬೇರಿಂಗಲ್ಲಿ ಬಾಲ್ ಸಣ್ಣದು, ಅದಕ್ಕೆ 0.43, 0.57 ಹತ್ರ ಹೋಗತ್ತೆ, ಕ್ಯಾಟಲಾಗ್ ನೋಡಿ ಲೆಕ್ಕ ಹಾಕ್ಕೊಳ್ಳಿ. ಬರೀ ಸ್ಪೆಕ್ಟ್ರಂ ನೋಡಿದ್ರೆ ಬೆಲ್ಟು ಮೋಟಾರು ಎಲ್ಲ ಸಂತೆ, ಎನ್ವಲಪ್ (ಪೆಟ್ಟುಗಳನ್ನ ಮಾತ್ರ ಹೆಕ್ಕಿ ತೋರಿಸೋ ವಿಧಾನ) ಹಾಕಿದ ಮೇಲೆ 435ರ ಗೆರೆ, ಅದರ ಎರಡರಷ್ಟು, ಮೂರರಷ್ಟು ಸಾಲಾಗಿ ಎದ್ದು ನಿಂತ್ವು. ಹೊರ ರೇಸ್, ಅನುಮಾನವೇ ಇಲ್ಲ. ಒಳ ರೇಸ್ ಆಗಿದ್ರೆ 565ರ ಅಕ್ಕಪಕ್ಕ 50ರ ಅಂತರದಲ್ಲಿ ಮರಿ ಗೆರೆಗಳು ಬರ್ತವೆ.

ಹಾಗಂತ ಡಯಲ್ ಗೇಜ್ (ಸಣ್ಣ ಅಲುಗಾಟವನ್ನ ಮುಳ್ಳಲ್ಲಿ ತೋರಿಸೋದು) ಬಿಟ್ಟು ಎಫ್‌ಎಫ್‌ಟಿ ತಗೊಳ್ಳಿ ಅನ್ನಲ್ಲ, ಎರಡೂ ಹೇಳೋದು ಬೇರೆ ಬೇರೆ. ಟೆಸ್ಟ್ ಮ್ಯಾಂಡ್ರಿಲ್ (ನಿಖರವಾದ ಉದ್ದ ಸರಳು) ಹಾಕಿ ಮೂತಿ ಹತ್ರ ಒಂದು, 300 ಎಂಎಂ ಕೆಳಗೆ ಒಂದು ರನೌಟ್ (ತಿರುಗುವಾಗ ಎಷ್ಟು ಓಲಾಡತ್ತೆ ಅಂತ) ನೋಡಿ, ಆಮೇಲೆ ಮರದ ತುಂಡು ಕೊಟ್ಟು ಸ್ಪಿಂಡಲ್ನ ಮೇಲಕ್ಕೆತ್ತಿ ಬಿಟ್ಟು ಮುಳ್ಳು ಮತ್ತೆ ಅದೇ ಗೆರೆಗೆ ಬರತ್ತಾ ನೋಡಿ, ಬರ್ಲಿಲ್ಲ ಅಂದ್ರೆ ಪ್ರೀಲೋಡ್ (ಬೇರಿಂಗಿಗೆ ಮೊದಲೇ ಕೊಟ್ಟಿರೋ ಬಿಗಿ) ಹೋಗಿದೆ. ಇಲ್ಲೇ ಒಂದು ದೊಡ್ಡ ವಿಷಯ ಇದೆ: ಚ್ಯಾಟರ್ (ಕಟ್ಟಿಂಗಲ್ಲಿ ಅದುರು) ಬರ್ತಿದೆ, ಫಿನಿಶ್ ಹಾಳಾಗಿದೆ, ಆದ್ರೆ ಎಫ್‌ಎಫ್‌ಟಿ ಕ್ಲೀನ್, ಡಯಲೂ ಸರಿ. ಆಗ ಬೇರಿಂಗ್ ಬಿಟ್ಟು ಡ್ರಾಬಾರ್ (ಹೋಲ್ಡರನ್ನ ಎಳೆದು ಹಿಡಿಯೋ ಸರಳು) ಪುಲ್ ಗೇಜ್ ಹಾಕಿ. ಒಳಗಿನ ಡಿಸ್ಕ್ ಸ್ಪ್ರಿಂಗ್ ಸೋತ್ರೆ, ಮುರಿದ್ರೆ, ಹೋಲ್ಡರ್ ಟೇಪರಲ್ಲಿ ಕೂತಂಗೇ ಕಂಡ್ರೂ ಕಟ್ಟಿಂಗಲ್ಲಿ ಅಲ್ಲಾಡತ್ತೆ, ಟೇಪರ್ ಮೇಲೆ ಕಂದು ತುಕ್ಕಿನ ಮಚ್ಚೆ ಬೀಳತ್ತೆ. ಆ ಮಚ್ಚೆ ಒಂದ್ಸಲ ನೋಡಿದೋರು ಮರೆಯಲ್ಲ. ಬರೀ ಸ್ಪ್ರಿಂಗ್ ಬದಲಾಯಿಸಿದ್ರೆ ಸರಿಹೋಗೋ ಕೆಲಸಕ್ಕೆ ಪೂರ್ತಿ ಬೇರಿಂಗ್ ಸೆಟ್ ಹಾಕಿಸ್ಕೊಂಡೋರು ನಮ್ಮ ರೋಡಲ್ಲೇ ಇದಾರೆ, ನೋಡಿದ್ರೆ ಹೊಟ್ಟೆ ಉರಿಯತ್ತೆ.

ದುಡ್ಡು ಕಮ್ಮಿ ಇದ್ರೆ ಸ್ಟೆತಾಸ್ಕೋಪ್, ಡಯಲ್, ಪುಲ್ ಗೇಜ್ ಮೊದಲು ತಗೊಳ್ಳಿ, ಎಫ್‌ಎಫ್‌ಟಿ ಅಕ್ಕಪಕ್ಕದ ಶಾಪ್‌ಗಳು ಸೇರಿ ಒಂದು ತಗೊಂಡ್ರೂ ನಡೆಯತ್ತೆ. ಪೆನ್ ಕೊನೆಗೆ.

ಹೊಸ ಸೆಟ್ ಸ್ಟೀಲೋ ಹೈಬ್ರಿಡ್ಡೋ (ಸ್ಟೀಲ್ ರೇಸು, ಸೆರಾಮಿಕ್ ಬಾಲು)? ಸೆರಾಮಿಕ್ ಬಾಲ್ ಸ್ಟೀಲ್ ಬಾಲಿನ ತೂಕದಲ್ಲಿ 40 ಪರ್ಸೆಂಟ್ ಅಷ್ಟೇ, ಸ್ಪೀಡಲ್ಲಿ ಹೊರ ರೇಸಿಗೆ ಒತ್ತಡ ಕಮ್ಮಿ, ಬಿಸಿನೂ ಕಮ್ಮಿ. ಆದ್ರೆ ನಮ್ಮ ಬೇರಿಂಗಿನ ಸರಾಸರಿ ವ್ಯಾಸ 90, ಇಂಟು 8000 ಅಂದ್ರೆ 7.2 ಲಕ್ಷ (ಬೇರಿಂಗ್ ಎಷ್ಟು ಸ್ಪೀಡ್ ತಡೆಯತ್ತೆ ಅಂತ ನೋಡೋ ಲೆಕ್ಕ ಇದು), ಸ್ಟೀಲೇ ಆರಾಮಾಗಿ ತಡ್ಕೊಳ್ಳತ್ತೆ. 12000ಕ್ಕೆ ಹೋಗಿ 10.8 ಲಕ್ಷ ಆದ್ರೆ ಹೈಬ್ರಿಡ್‌ಗೆ ದುಡ್ಡು ಹಾಕೋದಕ್ಕೆ ಅರ್ಥ ಇದೆ. ನಾನು ಸ್ಟೀಲೇ ಹಾಕಿಸ್ದೆ, ಪಿ4 ನಿಖರತೆ ಕ್ಲಾಸು.

ಗ್ರೀಸ್ ಒಳಗಿನ ಖಾಲಿ ಜಾಗದಲ್ಲಿ ಶೇಕಡಾ 15ರಷ್ಟು ಸಾಕು, ಐಸೋಫ್ಲೆಕ್ಸ್ ಎನ್‌ಬಿಯು 15 ಥರದ ಸ್ಪಿಂಡಲ್ ಗ್ರೀಸೇ ಆಗ್ಬೇಕು, ತುಂಬಿ ತುಳುಕಿಸಿದ್ರೆ ಕಡೆದು ಕಡೆದು ಬಿಸಿಯಾಗತ್ತೆ. ರನ್ನಿಂಗ್ ಇನ್ (ಹೊಸ ಬೇರಿಂಗನ್ನ ಹಂತ ಹಂತವಾಗಿ ಪಳಗಿಸೋದು) 500 ಆರ್‌ಪಿಎಂನಿಂದ ಶುರು, ಟೆಂಪರೇಚರ್ ನಿಂತ ಮೇಲೆ ಮುಂದಿನ ಹಂತ, ಹೌಸಿಂಗ್ 60 ಡಿಗ್ರಿ ಹತ್ರ ಬಂದ್ರೆ ನಿಲ್ಲಿಸಿ ಆರೋಕೆ ಬಿಡಿ. ಇನ್‌ಫ್ರಾರೆಡ್ ಗನ್ ಹೊಳೆಯೋ ಲೋಹದ ಮೇಲೆ ಕಮ್ಮಿ ತೋರಿಸತ್ತೆ, ಒಂದು ತುಂಡು ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಿರಿ.

ಶಿಫ್ಟ್ ಮುಗಿದ ತಕ್ಷಣ ಕಂಪ್ರೆಸರ್ ಆಫ್ ಮಾಡೋ ಅಭ್ಯಾಸ ಬಿಡಿ, ಬಿಸಿ ಸ್ಪಿಂಡಲ್ ಆರ್ತಾ ಒಳಗಿನ ಗಾಳಿ ಕುಗ್ಗಿ ಮೂತಿ ಹತ್ರ ನಿಂತಿರೋ ಕೂಲೆಂಟನ್ನ ಒಳಕ್ಕೆ ಎಳ್ಕೊಳ್ಳತ್ತೆ, ಪೂರ್ತಿ ತಣ್ಣಗಾಗೋ ತನಕ ಏರ್ ಪರ್ಜ್ (ಮೂತಿಯಿಂದ ಹೊರಕ್ಕೆ ಬಿಡೋ ಗಾಳಿ) ಓಡ್ತಿರ್ಲಿ. ಐಪಸಿ (ಅಕ್ಟೋಬರ್-ನವೆಂಬರ್) ಮಳೆ ಶುರುವಾದ್ರೆ ಏರ್ ಫಿಲ್ಟರ್ ಬಟ್ಟಲಲ್ಲಿ ನೀರು ಬೇಗ ತುಂಬತ್ತೆ, ದಿನಾ ಬೆಳಿಗ್ಗೆ ಮಷೀನ್ ಆನ್ ಮಾಡೋಕೆ ಮುಂಚೆ ಆ ನೀರನ್ನ ಹೊರಗೆ ಬಿಟ್ಟುಬಿಡಿ.